ಗೈಡ್ ಮನೆಗೆ ಹೋದರೆ ಉಳಿತಾಯವೇ? ಅಮೆರಿಕದ ಸಂಸತ್ ಭವನ ಹೇಳುವ ಲೆಕ್ಕ

ಬೇಸಿಗೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು. ಊರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ, ಅವರಿಗೆ ಏನೇನು ತೋರಿಸಬೇಕು? ನಯಾಗರ ಆಯಿತು, ನ್ಯೂಯಾರ್ಕ್ ಆಯಿತು, ಆಮೇಲೆ ವಾಷಿಂಗ್ಟನ್. ವಾಷಿಂಗ್ಟನ್ ಎಂದ ಮೇಲೆ ಬಿಳಿ ಗುಮ್ಮಟದ ಕ್ಯಾಪಿಟಲ್, ಅಂದರೆ ಈ ದೇಶದ ಸಂಸತ್ ಭವನ, ಪಟ್ಟಿಯಲ್ಲಿ ಇರಲೇಬೇಕು. ಒಳಗೆ ಹೋಗಿ ನೋಡಲು ಒಂದು ಡಾಲರ್ ಕೂಡ ಕೊಡಬೇಕಿಲ್ಲ. ಸರ್ಕಾರದ ಗೈಡ್ ಒಬ್ಬರು ನಿಮ್ಮ ಕಿವಿಗೆ ಹೆಡ್‌ಫೋನ್ ಹಾಕಿಸಿ, ಜೊತೆಗೆ ನಡೆಸಿಕೊಂಡು ಹೋಗಿ, ಗುಮ್ಮಟದ ಕೆಳಗೆ ನಿಲ್ಲಿಸಿ ಇತಿಹಾಸ ಹೇಳುತ್ತಾರೆ.

ಆದರೆ 2025ರ ಅಕ್ಟೋಬರ್ 1ರಂದು ಈ ಗೈಡ್‌ಗಳೆಲ್ಲ ಮನೆಗೆ ಹೋದರು. ಬಜೆಟ್ ಒಪ್ಪಿಗೆಯಾಗದೆ ಕೇಂದ್ರ ಸರ್ಕಾರದ ಕೆಲಸಗಳು ಸ್ಥಗಿತಗೊಂಡವು. ಕ್ಯಾಪಿಟಲ್ ವಿಸಿಟರ್ ಸೆಂಟರ್ ಬಾಗಿಲು ಹಾಕಿತು. ಪಕ್ಕದ ಲೈಬ್ರರಿ ಆಫ್ ಕಾಂಗ್ರೆಸ್, ಸಸ್ಯೋದ್ಯಾನ ಕೂಡ ಮುಚ್ಚಿದವು. ನವೆಂಬರ್ 12ರವರೆಗೆ, ಒಟ್ಟು 43 ದಿನ, ಈ ದೇಶದ ಅದುವರೆಗಿನ ಚರಿತ್ರೆಯಲ್ಲೇ ಅತಿ ದೀರ್ಘ ಶಟ್‌ಡೌನ್ ನಡೆಯಿತು. ಆ ದಿನಗಳಲ್ಲಿ ಊರಿನಿಂದ ಬಂದವರು ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹಿಂದಿರುಗಬೇಕಾಯಿತು.

ಇದು ಪ್ರವಾಸಿಗರ ಸಣ್ಣ ನಿರಾಸೆಯ ವಿಷಯ ಎಂದು ಬಿಟ್ಟುಬಿಡಬಹುದು. ಲೆಕ್ಕಪತ್ರ ನೋಡುವುದೇ ಕಸುಬಾಗಿರುವ ನಮ್ಮಂಥವರಿಗೆ ಹಾಗೆ ಅನ್ನಿಸುವುದಿಲ್ಲ. ಸಂಸತ್ ಭವನವನ್ನು ಜನರಿಗೆ ತೋರಿಸುವವರು ಯಾರು, ಅವರ ಸಂಬಳ ಯಾವ ಖಾತೆಯಿಂದ ಬರುತ್ತದೆ, ಆ ಖಾತೆ ಖಾಲಿಯಾದರೆ ಏನಾಗುತ್ತದೆ ಎಂದು ನೋಡುತ್ತಾ ಹೋದರೆ ಇಲ್ಲಿ ದುಡಿಯುವ ನಮ್ಮವರ ಬದುಕಿಗೂ ತಾಗುವ ಕೆಲವು ಸಂಗತಿಗಳು ಸಿಗುತ್ತವೆ.

ಟಿಪ್ಸ್‌ನಿಂದ ಸಂಬಳದವರೆಗೆ

ಕ್ಯಾಪಿಟಲ್‌ನ ಗೈಡ್ ವ್ಯವಸ್ಥೆ ಶುರುವಾದದ್ದು 1876ರಲ್ಲಿ. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ನೂರು ವರ್ಷವಾದ ಸಂಭ್ರಮಕ್ಕೆ ಜನ ಕಿಕ್ಕಿರಿದು ಬರುತ್ತಿದ್ದ ಕಾಲ ಅದು. ಆಗಿನ ಗೈಡ್‌ಗಳಿಗೆ ಸರ್ಕಾರದ ಸಂಬಳ ಇರಲಿಲ್ಲ. ಬಂದವರಿಂದ ಪಡೆದ ಶುಲ್ಕವೇ ಅವರ ಸಂಪಾದನೆ. ನಮ್ಮ ಬೇಲೂರು, ಹಳೇಬೀಡಿನಲ್ಲಿ ಗೈಡ್‌ಗಳು ಮೊದಲೇ ದರ ಮಾತಾಡಿಕೊಂಡು ಹೊರಡುವ ಹಾಗೆ. ಸುಮಾರು ತೊಂಬತ್ತು ವರ್ಷ ಹೀಗೇ ನಡೆಯಿತು. 1970ರ ಶಾಸಕಾಂಗ ಸುಧಾರಣಾ ಕಾನೂನು ಬಂದಾಗ ಗೈಡ್‌ಗಳು ಸಂಬಳದ ನೌಕರರಾದರು, ಜನರಿಗೆ ಪ್ರವಾಸ ಉಚಿತವಾಯಿತು. ತನ್ನದೇ ಸಂಸತ್ತನ್ನು ನೋಡಲು ನಾಗರಿಕ ದುಡ್ಡು ಕೊಡಬಾರದು ಎಂಬುದು ಅದರ ಹಿಂದಿನ ತತ್ವ.

ಈಗಿನ ವಿಸಿಟರ್ ಸೆಂಟರ್ ತೆರೆದದ್ದು 2008ರ ಡಿಸೆಂಬರ್ 2ರಂದು. ಭವನದ ಪೂರ್ವ ದಿಕ್ಕಿಗೆ, ನೆಲದಡಿಯಲ್ಲಿ, ಸುಮಾರು 62 ಕೋಟಿ ಡಾಲರ್ ಖರ್ಚಿನಲ್ಲಿ ಕಟ್ಟಿದ್ದು. ಅದೇ ವರ್ಷದ ಕಾನೂನಿನಂತೆ ಗೈಡ್‌ಗಳು ‘ಆರ್ಕಿಟೆಕ್ಟ್ ಆಫ್ ದಿ ಕ್ಯಾಪಿಟಲ್’ ಎಂಬ ಕಚೇರಿಯ ಕೆಳಗೆ ಬಂದರು. ಕಟ್ಟಡದ ದುರಸ್ತಿ, ತೋಟ, ವಿದ್ಯುತ್ತು, ಶುಚಿತ್ವ ಎಲ್ಲವನ್ನೂ ನೋಡಿಕೊಳ್ಳುವ ಕಚೇರಿ ಇದು. ಕೆಂಪು ಕೋಟು ತೊಟ್ಟು ನಿಂತಿರುವ ಗೈಡ್‌ಗಳನ್ನು ಇಲ್ಲಿಗೆ ಬಂದವರು ನೋಡಿರುತ್ತೀರಿ. ಕೋವಿಡ್‌ಗೆ ಮುಂಚೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬರುತ್ತಿದ್ದರು.

ಗೈಡ್‌ನ ಕೆಲಸ ಬಾಯಿಪಾಠ ಒಪ್ಪಿಸುವುದಲ್ಲ. ಮೊದಲು 13 ನಿಮಿಷದ ಚಿತ್ರ ತೋರಿಸಿ, ಆಮೇಲೆ ಗುಂಪನ್ನು ಕ್ರಿಪ್ಟ್, ರೊಟಂಡಾ, ಪ್ರತಿಮೆಗಳ ಸಭಾಂಗಣ ಎಂದು ಕರೆದೊಯ್ಯಬೇಕು. ರೊಟಂಡಾದ ಅಗಲ 96 ಅಡಿ, ಎತ್ತರ 180 ಅಡಿ. ಅದರೊಳಗೆ ಏಕಕಾಲಕ್ಕೆ ಎಷ್ಟೋ ಗುಂಪುಗಳು ನಿಂತಿರುತ್ತವೆ. ಒಂದು ಗುಂಪು ಇನ್ನೊಂದರ ಜೊತೆ ಬೆರೆಯಬಾರದು, ವಯಸ್ಸಾದವರು ಹಿಂದೆ ಬೀಳಬಾರದು, ಸಂಸದರು ಓಡಾಡುವ ದಾರಿಗೆ ಅಡ್ಡಿಯಾಗಬಾರದು, ತುರ್ತು ಬಂದರೆ ಎಲ್ಲರನ್ನೂ ಹೊರಗೆ ಕಳಿಸಬೇಕು. ಚುನಾಯಿತರು ಕೆಲಸ ಮಾಡುತ್ತಿರುವ ಕಟ್ಟಡದಲ್ಲಿ ಸಾವಿರಾರು ಜನರನ್ನು ದಿನವೂ ಒಳಬಿಟ್ಟು ಹೊರಬಿಡುವ ಕೆಲಸ ಇದು. ಚೆರ್ರಿ ಹೂವಿನ ಕಾಲದಿಂದ ಶಾಲಾ ಪ್ರವಾಸಗಳು ಮುಗಿಯುವವರೆಗೂ ಜನ ನುಗ್ಗುತ್ತಾರೆ, ಜನವರಿಯ ಚಳಿಯಲ್ಲಿ ಕಡಿಮೆಯಾಗುತ್ತಾರೆ. ಈ ಏರಿಳಿತಕ್ಕೆ ತಕ್ಕಂತೆ ಆಳು ಹೊಂದಿಸುವುದೇ ದೊಡ್ಡ ಲೆಕ್ಕ.

ಮೂರು ಶಟ್‌ಡೌನ್, ಎರಡು ಬಗೆಯ ಫಲ

ಇಲ್ಲೊಂದು ಕುತೂಹಲದ ಸಂಗತಿ ಇದೆ. 2013ರ ಅಕ್ಟೋಬರ್‌ನಲ್ಲಿ 16 ದಿನ ಶಟ್‌ಡೌನ್ ಆಯಿತು, ಕ್ಯಾಪಿಟಲ್‌ನ ಗೈಡ್ ಪ್ರವಾಸಗಳು ನಿಂತವು. 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗೆ 35 ದಿನ ಶಟ್‌ಡೌನ್ ಆಯಿತು, ಆದರೆ ಕ್ಯಾಪಿಟಲ್ ತೆರೆದೇ ಇತ್ತು. ಊರಿನ ಮ್ಯೂಸಿಯಮ್‌ಗಳು ಮುಚ್ಚಿದ್ದಾಗಲೂ ಗೈಡ್‌ಗಳು ಕೆಲಸದಲ್ಲಿದ್ದರು. 2025ರಲ್ಲಿ ಮತ್ತೆ ಮುಚ್ಚಿತು. ಯಾಕೆ ಹೀಗೆ?

ಕಾರಣ ಬಜೆಟ್‌ನ ರಚನೆಯಲ್ಲಿದೆ. ಅಮೆರಿಕದಲ್ಲಿ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಶುರು. ಸರ್ಕಾರದ ವಾರ್ಷಿಕ ಖರ್ಚಿಗೆ 12 ಬೇರೆ ಬೇರೆ ಧನವಿನಿಯೋಗ ಮಸೂದೆಗಳಿವೆ. ಸೇನೆಗೊಂದು, ಕೃಷಿಗೊಂದು, ಸಂಸತ್ತಿನ ಸ್ವಂತ ಖರ್ಚಿಗೆ ಮತ್ತೊಂದು. 2018ರ ಸೆಪ್ಟೆಂಬರ್‌ನಲ್ಲೇ ಸಂಸತ್ತಿನ ಖರ್ಚಿನ ಮಸೂದೆ ಪಾಸಾಗಿತ್ತು, ಹಾಗಾಗಿ ಗೈಡ್‌ಗಳ ಸಂಬಳಕ್ಕೆ ಹಣವಿತ್ತು. 2013 ಮತ್ತು 2025ರಲ್ಲಿ ಪಾಸಾಗಿರಲಿಲ್ಲ. ಜಗಳ ಎಷ್ಟು ದಿನ ನಡೆಯಿತು ಎನ್ನುವುದಕ್ಕಿಂತ ಯಾವ ಮಸೂದೆ ಮೊದಲೇ ಪಾಸಾಗಿತ್ತು ಎನ್ನುವುದೇ ಮುಖ್ಯ.

ಒಪ್ಪಿಗೆ ಸಿಗದ ಹಣವನ್ನು ಖರ್ಚು ಮಾಡಬಾರದು ಎಂಬ ಕಾನೂನು ಇಲ್ಲಿ ಹತ್ತೊಂಬತ್ತನೇ ಶತಮಾನದಿಂದಲೂ ಇದೆ. ಅದನ್ನು ಅಕ್ಷರಶಃ ಪಾಲಿಸಬೇಕು, ಅಂದರೆ ಕಚೇರಿಯನ್ನೇ ಮುಚ್ಚಬೇಕು ಎಂಬ ಅಭಿಪ್ರಾಯವನ್ನು ಆಗಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಕೊಟ್ಟದ್ದು 1980ರಲ್ಲಿ. ಶಟ್‌ಡೌನ್ ಎಂಬ ಪದ್ಧತಿ ಬೆಳೆದದ್ದು ಅಲ್ಲಿಂದ. ಊರಿನಲ್ಲಿರುವ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಪೂರ್ಣ ಬಜೆಟ್ ಆಗದಿದ್ದರೆ ಲೇಖಾನುದಾನ ತೆಗೆದುಕೊಂಡು ಕೆಲವು ತಿಂಗಳು ನಡೆಸುತ್ತಾರೆ. ಬಜೆಟ್‌ಗೆ ಸದನದಲ್ಲಿ ಸೋಲಾದರೆ ಸರ್ಕಾರವೇ ಹೋಗುತ್ತದೆ. ನೌಕರರನ್ನು ಮನೆಗೆ ಕಳಿಸುವ ಪದ್ಧತಿ ಇಲ್ಲ. ಇಲ್ಲಿ ಸರ್ಕಾರ ಉಳಿಯುತ್ತದೆ, ನೌಕರ ಮನೆಗೆ ಹೋಗುತ್ತಾನೆ.

ಜಮಾ ಎಷ್ಟು, ಖರ್ಚು ಎಷ್ಟು?

ಈಗ ಲೆಕ್ಕಕ್ಕೆ ಬರೋಣ. ಗೈಡ್‌ಗಳನ್ನು 43 ದಿನ ಮನೆಗೆ ಕಳಿಸಿದ್ದರಿಂದ ಸರ್ಕಾರಕ್ಕೆ ಸಂಬಳ ಉಳಿಯಿತೇ? ಉಳಿಯಲಿಲ್ಲ. ಕಡ್ಡಾಯ ರಜೆಯಲ್ಲಿ ಕಳಿಸಿದ ನೌಕರರಿಗೆ ಬಾಕಿ ಸಂಬಳ ಕೊಡುವ ಅಂಶ ನವೆಂಬರ್‌ನಲ್ಲಿ ಶಟ್‌ಡೌನ್ ಮುಗಿಸಿದ ಕಾನೂನಿನಲ್ಲೇ ಇತ್ತು. ಅಂದರೆ ಮಾಡದ ಕೆಲಸಕ್ಕೆ ಪೂರ್ತಿ ಸಂಬಳ. ತಪ್ಪು ನೌಕರನದಲ್ಲ. ಅವನು ಬರುತ್ತೇನೆಂದರೂ ಕಾನೂನು ಬಿಡಲಿಲ್ಲ.

ಖರ್ಚಿನ ಕಡೆ ಏನೂ ಕಡಿಮೆಯಾಗಲಿಲ್ಲ. ಜಮಾದ ಕಡೆ ಕಡಿಮೆಯಾಯಿತು. ವಿಸಿಟರ್ ಸೆಂಟರ್‌ನ ಅಂಗಡಿಗಳ ವ್ಯಾಪಾರ ನಿಂತಿತು. ಆ ಆದಾಯಕ್ಕೆಂದೇ ಪ್ರತ್ಯೇಕ ನಿಧಿ ಇದೆ. ಜೊತೆಗೆ, ಸೇವೆಯನ್ನು ಗೋದಾಮಿನಲ್ಲಿ ಇಡಲು ಬರುವುದಿಲ್ಲ. ಮಾರಾಟವಾಗದ ಅಕ್ಕಿಯನ್ನು ಮುಂದಿನ ತಿಂಗಳು ಮಾರಬಹುದು. ಅಕ್ಟೋಬರ್‌ನಲ್ಲಿ ಬಂದು ಹಿಂದಿರುಗಿದ ಶಾಲಾ ಮಕ್ಕಳಿಗೆ ಡಿಸೆಂಬರ್‌ನಲ್ಲಿ ಸಂಸತ್ತು ತೋರಿಸಲು ಆಗುವುದಿಲ್ಲ. ವ್ಯಾಪಾರಸ್ಥನ ಲೆಕ್ಕದಲ್ಲಿ ಇದು ಶುದ್ಧ ನಷ್ಟ. 2018-19ರ ಶಟ್‌ಡೌನ್‌ನಿಂದ ಅಮೆರಿಕದ ಆರ್ಥಿಕತೆಗೆ ಮರಳಿ ಬಾರದ ನಷ್ಟ ಸುಮಾರು 300 ಕೋಟಿ ಡಾಲರ್ ಎಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತ್ತು.

ಇನ್ನೊಂದು ಸಾಲು ಈ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಅದೇ ಕಟ್ಟಡದಲ್ಲಿ ಕೆಲಸ ಮಾಡುವ ಸಂಸದರ ಸಂಬಳ, ವರ್ಷಕ್ಕೆ 1,74,000 ಡಾಲರ್, ಶಟ್‌ಡೌನ್‌ನಲ್ಲೂ ನಿಲ್ಲುವುದಿಲ್ಲ. ಅದಕ್ಕೆ ವಾರ್ಷಿಕ ಮಸೂದೆಯ ಹಂಗಿಲ್ಲ. ಬಾಗಿಲಲ್ಲಿ ಕಾವಲು ನಿಂತ ಕ್ಯಾಪಿಟಲ್ ಪೊಲೀಸರು ಸಂಬಳವಿಲ್ಲದೆ ದುಡಿದರು. ಗೈಡ್ ಸಂಬಳವಿಲ್ಲದೆ ಮನೆಯಲ್ಲಿದ್ದರು. ಮಸೂದೆ ಪಾಸು ಮಾಡಬೇಕಾದವರಿಗೆ ಮಾತ್ರ ತಿಂಗಳ ಸಂಬಳ ಬಂತು. ತಮ್ಮ ಸಂಬಳ ತಡೆಹಿಡಿಯಿರಿ ಎಂದು ಕೆಲವು ಸಂಸದರು ಬರೆದುಕೊಟ್ಟದ್ದೂ ಉಂಟು. ಅದು ಅವರವರ ಮನಸ್ಸಿನ ಮಾತು, ನಿಯಮವಲ್ಲ.

ಮೊದಲು ನಿಲ್ಲುವುದು ಕಣ್ಣಿಗೆ ಕಾಣುವುದೇ

ಹಣದ ಜಗಳ ಬಂದಾಗಲೆಲ್ಲ ಜನರ ಭೇಟಿಯೇ ಯಾಕೆ ಮೊದಲು ನಿಲ್ಲುತ್ತದೆ? ಶ್ವೇತಭವನದ ಉದಾಹರಣೆ ನೋಡಿ. 2013ರ ಮಾರ್ಚ್‌ನಲ್ಲಿ ಖರ್ಚು ಕಡಿತ ಬಂದಾಗ ಅಲ್ಲಿನ ಸಾರ್ವಜನಿಕ ಪ್ರವಾಸಗಳನ್ನು ರದ್ದು ಮಾಡಿದರು. ಕಾವಲು ಸಿಬ್ಬಂದಿಯ ಖರ್ಚು ವಾರಕ್ಕೆ 74,000 ಡಾಲರ್ ಎಂಬ ಅಂಕಿ ಆಗ ಹೊರಬಂತು. ಅಷ್ಟು ದೊಡ್ಡ ಸರ್ಕಾರಕ್ಕೆ ಅದು ಚಿಲ್ಲರೆ ಕಾಸು. ಆದರೂ ಆ ಸುದ್ದಿ ಊರೆಲ್ಲ ಹರಡಿತು. ಪ್ರತಿಪಕ್ಷದವರು ಕ್ಯಾಪಿಟಲ್ ಪ್ರವಾಸ ಮಾತ್ರ ನಡೆಯುತ್ತದೆ ಎಂದು ಸಾರಿದರು. ಎರಡೂ ಕಡೆಯವರಿಗೆ ಗೊತ್ತಿದ್ದ ಸತ್ಯ ಒಂದೇ: ಬಾಗಿಲು ಮುಚ್ಚಿದರೆ ಜನರ ಕಣ್ಣಿಗೆ ಬೀಳುತ್ತದೆ.

ಹೀಗೆ ಗೈಡ್‌ನ ಕೆಲಸ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿದೆ. ಕಾನೂನಿನ ಭಾಷೆಯಲ್ಲಿ ಅದು ‘ಅತ್ಯಗತ್ಯ’ ಅಲ್ಲ. ರಾಜಕೀಯದ ಭಾಷೆಯಲ್ಲಿ ಅದು ಎಲ್ಲರಿಗೂ ಕಾಣುವ ಅಸ್ತ್ರ. ನಮ್ಮ ಮಟ್ಟಿಗೆ ಹೇಳುವುದಾದರೆ, ಜನರನ್ನು ಸಂಸತ್ತಿನೊಳಗೆ ಬಿಡುವ ಕೆಲಸ ಪ್ರಜಾಪ್ರಭುತ್ವಕ್ಕೆ ಅಲಂಕಾರವಲ್ಲ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕ್ಯಾಪಿಟಲ್, 2021ರ ಜನವರಿ 6ರ ದಾಳಿಯನ್ನೂ ಕಂಡು, ಪ್ರವಾಸಿಗರಿಗೆ ಸ್ವಲ್ಪಸ್ವಲ್ಪವಾಗಿ ತೆರೆದದ್ದು 2022ರ ಮಾರ್ಚ್ ಕೊನೆಯಲ್ಲಿ. ಎರಡು ವರ್ಷ ಜನರಿಲ್ಲದ ಸಂಸತ್ತು ಹೇಗಿರುತ್ತದೆ ಎಂದು ಈ ದೇಶ ಆಗಲೇ ಅನುಭವಿಸಿದೆ.

ನಮ್ಮವರ ಮನೆಗೂ ತಾಗುವ ಬಿಸಿ

ಊರಿನಲ್ಲಿರುವ ಓದುಗರು ಕೇಳಬಹುದು, ಗೈಡ್‌ಗೆ ಸಂಬಳ ತಡವಾದರೆ ನಮಗೇನು? ವರ್ಜೀನಿಯಾ, ಮೇರಿಲ್ಯಾಂಡ್ ಸೀಮೆಯಲ್ಲಿ ನಮ್ಮ ಎಷ್ಟೋ ಹುಡುಗರು ಸರ್ಕಾರಕ್ಕೆ ಕೆಲಸ ಮಾಡಿಕೊಡುವ ಗುತ್ತಿಗೆ ಕಂಪನಿಗಳಲ್ಲಿದ್ದಾರೆ. ಬಾಕಿ ಸಂಬಳದ ಭರವಸೆ ಸರ್ಕಾರಿ ನೌಕರರಿಗೆ. ಗುತ್ತಿಗೆಯವರಿಗೆ ಅದಿಲ್ಲ. ಕ್ಯಾಂಟೀನ್‌ನಲ್ಲಿ ಸಾಂಬಾರಿನ ಬದಲು ಸೂಪ್ ಬಡಿಸುವವರಿಗೂ, ಕಂಪ್ಯೂಟರ್ ಮುಂದೆ ಕೂರುವ ನಮ್ಮವರಿಗೂ ಇದರಲ್ಲಿ ಒಂದೇ ಗತಿ. ಕೆಲವರು ಕೂಡಿಟ್ಟ ರಜೆ ಬಳಸಿಕೊಂಡರು, ಕೆಲವರಿಗೆ ಸಂಬಳವೇ ಕಡಿತವಾಯಿತು.

ಎಚ್-1ಬಿ ವೀಸಾದವರಿಗೆ ಒಂದು ಮಾತು ತಿಳಿದಿರಲಿ. ಕೆಲಸವಿಲ್ಲ ಎಂದು ಕಂಪನಿ ಕೂರಿಸಿದರೂ, ನಿಗದಿಯಾದ ಸಂಬಳ ಕೊಡಲೇಬೇಕು ಎಂಬುದು ನಿಯಮ. ಅದನ್ನು ಕೇಳಲು ಹಿಂಜರಿಯಬೇಕಿಲ್ಲ. ಆದರೆ ವೀಸಾ ಅರ್ಜಿಗೆ ಮೊದಲ ಮೆಟ್ಟಿಲಾದ ಕಾರ್ಮಿಕ ಇಲಾಖೆಯ ಅನುಮೋದನೆ ಅಕ್ಟೋಬರ್ ತಿಂಗಳ ಬಹುಪಾಲು ನಿಂತುಹೋಗಿತ್ತು. ಕೆಲಸ ಬದಲಿಸಲು ಕಾದಿದ್ದವರು ಹಾಗೇ ಕಾದರು. ಮಗನ ದನಿಯಲ್ಲಿ ಆ ತಿಂಗಳು ಯಾಕೋ ಉತ್ಸಾಹವಿರಲಿಲ್ಲ ಎಂದು ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ತಾಯಿಗೆ ಅನ್ನಿಸಿದ್ದರೆ ಇದೂ ಒಂದು ಕಾರಣ ಇದ್ದೀತು.

ನಮ್ಮ ಮಕ್ಕಳೂ ಗೈಡ್‌ಗಳೇ

ಕ್ಯಾಪಿಟಲ್ ತೋರಿಸಲು ಇನ್ನೊಂದು ದಾರಿ ಇದೆ. ಪ್ರತಿನಿಧಿ ಸಭೆಯ 435 ಮತ್ತು ಸೆನೆಟ್‌ನ 100 ಸಂಸದರ ಕಚೇರಿಗಳ ಸಿಬ್ಬಂದಿ ತಮ್ಮ ಕ್ಷೇತ್ರದ ಜನರನ್ನು ಕರೆದೊಯ್ಯಬಹುದು. ಅದಕ್ಕೆ ವಿಸಿಟರ್ ಸೆಂಟರ್‌ನವರೇ ತರಬೇತಿ ಕೊಡುತ್ತಾರೆ. ಈ ಕೆಲಸ ಬಹುಪಾಲು ಬೀಳುವುದು ಬೇಸಿಗೆಗೆ ಬರುವ ಇಂಟರ್ನ್ ಹುಡುಗ, ಹುಡುಗಿಯರ ಮೇಲೆ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಇದು ತೆರೆದಿರುವ ಬಾಗಿಲು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಿಂದ ಮಿಷಿಗನ್ ರಾಜ್ಯದ ಪ್ರತಿನಿಧಿಯಾಗಿ ಇದೇ ಭವನದಲ್ಲಿ ಕುಳಿತಿದ್ದಾರೆ. ಸಾರ್ವಜನಿಕ ಜೀವನ ನಮಗೆ ದೂರದ್ದು ಎಂದು ಮಕ್ಕಳಿಗೆ ಹೇಳುವ ಕಾಲ ಹೋಯಿತು.

ಆದರೆ ಇಲ್ಲೂ ಸಂಬಳದ ಪ್ರಶ್ನೆಯೇ ಎದುರಾಗುತ್ತಿತ್ತು. ಬಹಳ ವರ್ಷ ಇಂಟರ್ನ್‌ಗಳಿಗೆ ಕಾಸು ಕೊಡದ ಕಚೇರಿಗಳೇ ಹೆಚ್ಚು. ವಾಷಿಂಗ್ಟನ್‌ನ ಬಾಡಿಗೆ ಕಟ್ಟಬಲ್ಲ ಮನೆಯ ಮಕ್ಕಳಿಗೆ ಮಾತ್ರ ಸಂಸತ್ತಿನ ಅನುಭವ ಸಿಗುತ್ತಿತ್ತು. 2018ರಲ್ಲಿ ಪಾಸಾದ ಮಸೂದೆ ಇಂಟರ್ನ್‌ಗಳ ಸಂಬಳಕ್ಕೆಂದೇ ಪ್ರತಿನಿಧಿ ಸಭೆಗೆ 88 ಲಕ್ಷ, ಸೆನೆಟ್‌ಗೆ 50 ಲಕ್ಷ ಡಾಲರ್ ತೆಗೆದಿಟ್ಟಿತು. ಪ್ರತಿನಿಧಿ ಸಭೆಯಲ್ಲಿ ಒಂದು ಕಚೇರಿಗೆ ವರ್ಷಕ್ಕೆ 20,000 ಡಾಲರ್. ದೊಡ್ಡ ಮೊತ್ತವೇನಲ್ಲ. ಆದರೂ ಬಿಟ್ಟಿ ದುಡಿಮೆ ಬೇಡ ಎಂಬ ಮಾತಿಗೆ ಬಜೆಟ್‌ನಲ್ಲಿ ಒಂದು ಸಾಲು ಸಿಕ್ಕಿತು. ತತ್ವಕ್ಕೆ ಬೆಲೆ ಬರುವುದು ಅದಕ್ಕೊಂದು ಸಾಲು ಸಿಕ್ಕಾಗ ಎಂಬುದು ನಮ್ಮ ವೃತ್ತಿ ಕಲಿಸಿದ ಪಾಠ.

ಬೇರೆಯವರು ಹೇಗೆ ನಡೆಸುತ್ತಾರೆ?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹೊರದೇಶದ ಪ್ರವಾಸಿಗರು ಟಿಕೆಟ್ ಕೊಳ್ಳಬೇಕು. ಅಲ್ಲಿನ ನಿವಾಸಿಗಳು ತಮ್ಮ ಸಂಸದರ ಮೂಲಕ ಕೇಳಿಕೊಂಡರೆ ಉಚಿತ. ಹಾಗಾಗಿ ಬ್ರಿಟನ್‌ನಲ್ಲಿರುವ ಕನ್ನಡಿಗರು ಟಿಕೆಟ್ ಕೊಳ್ಳುವ ಮುಂಚೆ ತಮ್ಮ ಸಂಸದರಿಗೆ ಒಂದು ಪತ್ರ ಬರೆದು ನೋಡುವುದು ಒಳ್ಳೆಯದು. ಕೆನಡಾದ ಒಟ್ಟಾವದಲ್ಲಿ ಪ್ರವಾಸ ಎಲ್ಲರಿಗೂ ಉಚಿತ. ಇಂಗ್ಲಿಷ್, ಫ್ರೆಂಚ್ ಎರಡೂ ಬಲ್ಲ ವಿದ್ಯಾರ್ಥಿಗಳನ್ನು ಗೈಡ್‌ಗಳಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿನ ಮುಖ್ಯ ಕಟ್ಟಡ 2019ರಿಂದ ದುರಸ್ತಿಗಾಗಿ ಮುಚ್ಚಿದ್ದರೂ, ಎರಡು ಸದನಗಳು ತಾತ್ಕಾಲಿಕವಾಗಿ ಕೂರುವ ಕಟ್ಟಡಗಳಲ್ಲೇ ಪ್ರವಾಸ ನಡೆಸಿದರು.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. 2025ರ ಜೂನ್‌ನಿಂದ ವಿಧಾನಸೌಧದಲ್ಲಿ ರಜಾ ದಿನಗಳಂದು ಗೈಡ್ ಜೊತೆಗಿನ ಪ್ರವಾಸ ಶುರುವಾಗಿದೆ, ದೊಡ್ಡವರಿಗೆ 50 ರೂಪಾಯಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಕಟ್ಟಡದ ಮೆಟ್ಟಿಲನ್ನು ಹೊರಗಿನಿಂದಲೇ ನೋಡಿ ಬೆಳೆದ ನಮಗೆ ಇದು ಸಂತೋಷದ ಸುದ್ದಿ. ಊರಿಗೆ ಬರುವ ಮೊಮ್ಮಕ್ಕಳನ್ನು ಅಜ್ಜ, ಅಜ್ಜಿ ಮಾಲ್‌ಗೆ ಕರೆದೊಯ್ಯುವ ಒಂದು ದಿನವನ್ನು ಇದಕ್ಕೆ ಕೊಡಬಹುದು.

ಈ ವರ್ಷ ಬರುವವರಿಗೆ

2026 ಸಾಮಾನ್ಯ ವರ್ಷವಲ್ಲ. ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯಕ್ಕೆ 250 ವರ್ಷ ತುಂಬುತ್ತದೆ. ಜೂನ್, ಜುಲೈನಲ್ಲಿ ಫುಟ್‌ಬಾಲ್ ವಿಶ್ವಕಪ್ ಬೇರೆ ಇಲ್ಲೇ. 1876ರಂತೆಯೇ ಜನಜಂಗುಳಿ ಇರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ನವೆಂಬರ್‌ನ ಕಾನೂನಿನಲ್ಲಿ ಸಂಸತ್ತಿನ ಖರ್ಚಿನ ಮಸೂದೆ ಪೂರ್ಣ ವರ್ಷಕ್ಕೆ ಪಾಸಾಗಿದೆ. 2026ರ ಸೆಪ್ಟೆಂಬರ್ 30ರವರೆಗೆ ಗೈಡ್‌ಗಳ ಸಂಬಳಕ್ಕೆ ಹಣವಿದೆ. ಅಲ್ಲಿಯವರೆಗೆ ಬೇರೆ ಇಲಾಖೆಗಳಿಗೆ ಹಣದ ಅಡಚಣೆ ಬಂದರೂ ಕ್ಯಾಪಿಟಲ್ ಪ್ರವಾಸಕ್ಕೆ ಅದೇ ಕಾರಣಕ್ಕೆ ತೊಂದರೆ ಬರುವಂತಿಲ್ಲ. ಅಕ್ಟೋಬರ್ 1ರ ಮೇಲೆ ಮಾತ್ರ ಹೊಸ ಲೆಕ್ಕ. ನವೆಂಬರ್ 3ಕ್ಕೆ ಮಧ್ಯಂತರ ಚುನಾವಣೆ ಇರುವುದರಿಂದ ಆ ಹೊತ್ತಿಗೆ ಜಗಳ ಕಾವೇರಿರುತ್ತದೆ. ದಸರಾ ಮುಗಿಸಿಕೊಂಡು ಬರುತ್ತೇವೆ ಎನ್ನುವ ಹಿರಿಯರು ವಾಷಿಂಗ್ಟನ್ ಭೇಟಿಯೊಂದನ್ನೇ ನಂಬಿ ಟಿಕೆಟ್ ತೆಗೆಸದಿರುವುದು ಕ್ಷೇಮ. ಆಗಲೇ ಬಂದಿರುವವರು ಸೆಪ್ಟೆಂಬರ್ ಒಳಗೆ ನೋಡಿ ಮುಗಿಸಲಿ.

ಪ್ರವಾಸ ಸೋಮವಾರದಿಂದ ಶನಿವಾರದವರೆಗೆ ಇರುತ್ತದೆ, ಭಾನುವಾರ ಇಲ್ಲ. ಮೊದಲೇ ಬುಕ್ ಮಾಡಿ. ಚಕ್ಕುಲಿ, ಕೋಡುಬಳೆ ಡಬ್ಬಿಯಾಗಲಿ ನೀರು ತುಂಬಿದ ಬಾಟಲಿಯಾಗಲಿ ಒಳಗೆ ಬಿಡುವುದಿಲ್ಲ, ಖಾಲಿ ಬಾಟಲಿ ಆಗಬಹುದು. ಸದನ ನಡೆಯುವುದನ್ನು ಗ್ಯಾಲರಿಯಿಂದ ನೋಡಬೇಕೆಂದರೆ ಅದು ಪ್ರವಾಸದಲ್ಲಿ ಸೇರಿಲ್ಲ. ಹೊರದೇಶದವರು ಪಾಸ್‌ಪೋರ್ಟ್ ಹಿಡಿದು ವಿಸಿಟರ್ ಸೆಂಟರ್‌ನ ಮೇಲಂತಸ್ತಿನಲ್ಲಿ ಪಾಸ್ ವಿಚಾರಿಸಬಹುದು. ಪ್ರವಾಸದ ಮಾತೆಲ್ಲ ಮುಖ್ಯವಾಗಿ ಇಂಗ್ಲಿಷಿನಲ್ಲೇ. ಅಜ್ಜಿಗೆ ಕನ್ನಡದಲ್ಲಿ ಹೇಳುವ ಹೊಣೆ ಮೊಮ್ಮಕ್ಕಳಿಗೆ ಬಿಡಿ. ಅವರಿಗೂ ಕನ್ನಡ ತಿದ್ದಿದ ಹಾಗಾಗುತ್ತದೆ.

ನಮ್ಮ ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ದೇವರ ಕೆಲಸ ಮಾಡುವ ಪೂಜಾರಿಗೂ ಮನೆಯಲ್ಲಿ ಒಲೆ ಉರಿಯಬೇಕು. ಜನಪ್ರತಿನಿಧಿಗಳ ಸಂಬಳಕ್ಕೆ ಇರುವ ಶಾಶ್ವತ ವ್ಯವಸ್ಥೆ, ಜನರನ್ನು ಒಳಗೆ ಕರೆದೊಯ್ಯುವ ಗೈಡ್‌ಗೂ, ಬಾಗಿಲು ಕಾಯುವ ಪೊಲೀಸನಿಗೂ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಇಲ್ಲಿ ಮತ ಹಾಕುವ ಹಕ್ಕು ಪಡೆದಿರುವ ಕನ್ನಡಿಗರು ನವೆಂಬರ್‌ನಲ್ಲಿ ತಮ್ಮ ಅಭ್ಯರ್ಥಿಗಳಿಗೆ ಈ ಒಂದು ಪ್ರಶ್ನೆ ಕೇಳಲಿ.